ಪಿಟೀಲಿನ ಬೆನ್ನಿಗೆ ಬಿದ್ದ ಬಿರುಕು

ಕಮಾನಿಗೆ ಉಜ್ಜುವ ರಾಳದ ವಾಸನೆ ಮೂಗಿಗೆ ಬಡಿದಾಗ ಮೊದಲು ಬಂದದ್ದು ಹೆದರಿಕೆ, ನೆನಪು ಆಮೇಲೆ. ಮಗಳ ಮದುವೆಗೆ ಪಿಟೀಲು ತಂಡ ಆರಿಸಲು ಕಳೆದ ವಾರ ಅಬಿಡ್ಸ್‌ನ ಒಂದು ಮಹಡಿಯ ಕೋಣೆಯಲ್ಲಿ ಕೂತಿದ್ದೆ. ಎದುರಿಗೆ ನಾಲ್ವರು ಯುವಕರು ಕಮಾನು ತೀಡುತ್ತಿದ್ದರು. ನನಗೆ ಕಂಡವರು ಮಾತ್ರ ನಾರಾಯಣಗೂಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪಿಟೀಲು ಮಾಸ್ತರರು...

ಅಕ್ಕನ ಮದುವೆಯ ಹೊತ್ತಿಗೆ ನಾನು ಆಗಷ್ಟೇ ಎಂ.ಎ. ಮುಗಿಸಿ, ಮನೆಯವರ ನಂಬಿಕೆಗಳನ್ನೆಲ್ಲ ತಿದ್ದುವ ಹುರುಪಿನಲ್ಲಿದ್ದೆ. ಡೋಲು, ಸನಾದಿ ಬೇಡ, ಮಾಸ್ತರರ ತಂಡದ ನಾಲ್ಕು ಪಿಟೀಲು ಸಾಕು ಎಂದು ಹಟ ಹಿಡಿದೆ. ಅವ್ವ ಹೆದರಿದಳು. ತಾಳಿ ಕಟ್ಟುವಾಗ ಸೀನು ಕಿವಿಗೆ ಬೀಳಬಾರದೆಂದೇ ಗಟ್ಟಿಮೇಳ ಬಾರಿಸುವುದು. ಅವಳ ತಂಗಿಯ ಮದುವೆಯಲ್ಲಿ ಯಾರೋ ಸೀನಿದ್ದರಂತೆ. ವರ್ಷ ತುಂಬುವುದರೊಳಗೆ ಆಕೆಯ ಗಂಡ ತೀರಿಕೊಂಡಿದ್ದ.

ಅವ್ವ ಮಾಸ್ತರರನ್ನೇ ಕರೆದು ಕೇಳಿದಳು.

“ಪಿಟೀಲಿಗೆ ಸೀನು ಮುಚ್ಚೋ ತಾಕತ್ತಿಲ್ರೀ ವೈನಿ. ಡೋಲಿನವರನ್ನ ಕರಸ್ರಿ. ನಾವು ಊಟದ ಹೊತ್ತಿಗೆ ನುಡಸ್ತೀವಿ,” ಎಂದರು ಅವರು.

“ಯಾರೂ ಸೀನಂಗಿಲ್ರಿ ಮಾಸ್ತರ,” ಎಂದೆ.

“ಹಂಗಾದ್ರ ನಿನ್ನ ಮೂಗು ನನ್ನ ಕಣ್ಣೆದುರಿಗೇ ಇರ್ಲಿ, ಎಂ.ಎ. ಸಾಹೇಬ!” ಎಂದು ನಕ್ಕರು. ಅವ್ವ ನಗಲಿಲ್ಲ.

ಕೊನೆಗೆ ನನ್ನ ಹಟವೇ ಗೆದ್ದಿತು, ಡೋಲಿನವರನ್ನು ಕರೆಸಲಿಲ್ಲ. ಮುಹೂರ್ತದಲ್ಲಿ ನಾನು ಮಾಸ್ತರರ ಎದುರಿಗೇ ನಿಂತಿದ್ದೆ. ನಾಲ್ಕೂ ಪಿಟೀಲು ಜೋರಾಗಿಯೇ ನುಡಿಯುತ್ತಿದ್ದವು. ಆದರೂ ಹಿಂದೆಲ್ಲೋ ಒಂದು ಮಗುವಿನ ಗೆಜ್ಜೆಯ ಸದ್ದು ಸ್ಪಷ್ಟವಾಗಿ ಕೇಳಿಸಿತು. ಭಯ ಶುರುವಾದದ್ದು ಆಗ. ಭಾವ ತಾಳಿ ಎತ್ತಿದರು. ಧೂಪದ ಹೊಗೆ, ರಾಳದ ಪುಡಿ... ಮೂಗಿನೊಳಗೆ ಏನೋ ಹರಿದಾಡಿತು. ಉಸಿರು ಬಿಗಿಹಿಡಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಅಥವಾ ಹಾಗೆಂದು ಈಗ ಅನಿಸುತ್ತಿದೆಯೋ...

ಸೀನು ಬಂದೇಬಿಟ್ಟಿತು. ಮಾಸ್ತರರು ಕಮಾನು ಬಿಸಾಕಿ, ಪಿಟೀಲನ್ನು ಬೋರಲು ಹಾಕಿಕೊಂಡು, ಅದರ ಬೆನ್ನಿಗೆ ಅಂಗೈಯಿಂದ ಧಡಧಡ ಬಾರಿಸುತ್ತ “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗಿದರು. ಜನ ನಕ್ಕರು. ಅಕ್ಷತೆ ಬಿತ್ತು. ಅವ್ವನೂ ನಕ್ಕಳು. ಸೀನಿನ ಮಾತು ಯಾರೂ ಎತ್ತಲಿಲ್ಲ.

ಮರುದಿನ ಪಿಟೀಲಿನ ಬೆನ್ನಲ್ಲಿ ಉದ್ದಕ್ಕೆ ಬಿರುಕು ಕಂಡಿತು. ಅದು ಅವರ ತಂದೆಯ ಪಿಟೀಲು.

“ಹಳೇ ಕಟಗಿ, ಬಿಡು. ನಿಮ್ಮವ್ವಗ ಹೇಳಬ್ಯಾಡ,” ಎಂದರು.

ಅದು ಮತ್ತೆ ಮೊದಲಿನಂತೆ ನುಡಿಯಲಿಲ್ಲ. ಇಡೀ ಒಂದು ವರ್ಷ, ಮನೆಯ ಫೋನು ಬಡಿದುಕೊಂಡಾಗಲೆಲ್ಲ ಎಲ್ಲರಿಗಿಂತ ಮೊದಲು ನಾನೇ ಓಡಿಹೋಗಿ ಎತ್ತುತ್ತಿದ್ದೆ. ಭಾವನಿಗೆ ಏನೂ ಆಗಲಿಲ್ಲ, ಇಂದಿಗೂ ಗಟ್ಟಿಯಾಗಿದ್ದಾರೆ. ಶಕುನ ನಂಬದವನಿಗೆ ಅಷ್ಟೊಂದು ಭಯ ಯಾಕಿತ್ತೋ. ಸೀನು ಮೊದಲೋ, ಬಡಿತ ಮೊದಲೋ? ಎಷ್ಟು ತಿರುವಿ ನೋಡಿದರೂ ಈಗ ಗೊತ್ತಾಗುತ್ತಿಲ್ಲ. ಗೊತ್ತಿದ್ದವರು ಮಾಸ್ತರರೊಬ್ಬರೇ. ಕೇಳುವ ಧೈರ್ಯ ನನಗೆ ಬರುವ ಮೊದಲೇ ಹೋಗಿಬಿಟ್ಟರು.

ಅಬಿಡ್ಸ್‌ನ ಯುವಕರು ಚೆನ್ನಾಗಿ ನುಡಿಸಿದರು. ತಾಳಿ ಕಟ್ಟುವಾಗ ಇನ್ನೂ ಜೋರಾಗಿ ನುಡಿಸಲು ಆಗುತ್ತದೆಯೇ ಎಂದು ಕೇಳಿದೆ. ಅವರಲ್ಲಿ ಮೈಸೂರಿನವನೊಬ್ಬ ನಕ್ಕ.

“ಇದಕ್ಕಿಂತ ಜೋರು ಅಂದ್ರೆ ಪಿಟೀಲು ಒಡೀಬೇಕಷ್ಟೇ ಸಾರ್.”

ನಾನು ನಗಲಿಲ್ಲ. ಅವರನ್ನೇ ಗೊತ್ತು ಮಾಡಿ, ಮೆಟ್ಟಿಲಿಳಿಯುತ್ತಲೇ ಡೋಲಿನವರಿಗೂ ಫೋನ್ ಮಾಡಿದೆ. ಮಾಸ್ತರರು ಅಂದು ಹೇಳಿದ್ದೂ ಇಷ್ಟೇ... “ಈಗ ಬಂದ್ಯಾ ದಾರಿಗೆ, ಎಂ.ಎ. ಸಾಹೇಬ,” ಎನ್ನಲು ಅವರಿಲ್ಲ.