ಹೇಳಿದ್ದು ಮುಟ್ಟಿತೇ ಎಂದು ನೋಡುತ್ತಿದ್ದ ಮೇಸ್ತ್ರಿ

ಮಳೆಗೆ ನೆನೆದ ಮರದ ಹೊಟ್ಟಿನ ವಾಸನೆಯಲ್ಲಿ ಒಂದು ಹುಳಿ ಇರುತ್ತದೆ. ಮೊನ್ನೆ ಹುಣಸೂರಿನ ನನ್ನ ಶೆಡ್ಡಿನ ಮುಂದೆ ಯಾರೋ ಒಂದು ಮೂಟೆ ಹೊಟ್ಟು ಇಳಿಸಿ ಹೋಗಿದ್ದರು. ರಾತ್ರಿಯ ಮಳೆಗೆ ಮೂಟೆ ಒದ್ದೆಯಾಗಿತ್ತು. ಬೆಳಿಗ್ಗೆ ಬೀಗ ತೆಗೆಯಲು ಬಗ್ಗಿದಾಗ ಆ ವಾಸನೆ ಬಡಿಯಿತು. ಸ್ವಲ್ಪ ಹೊತ್ತು ಬೀಗ ಹಿಡಿದುಕೊಂಡೇ ನಿಂತಿದ್ದೆ. ನಮ್ಮ ಮೇಸ್ತ್ರಿ ನೆನಪಾದರು.

ಸ್ವಂತಕ್ಕೆ ಬಾಗಿಲು, ಕಿಟಕಿ ಮಾಡುವ ಕೆಲಸ ಶುರು ಮಾಡುವ ಮೊದಲು ನಾನು ಊರ ಹೊರಗಿನ ಒಂದು ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿಸುತ್ತಿದ್ದೆ. ಕೊಡಗಿನ ಕಡೆಯಿಂದ ಲಾರಿಗಳಲ್ಲಿ ಸಿಲ್ವರ್ ಮರದ ದಿಮ್ಮಿಗಳು ಬರುತ್ತಿದ್ದವು. ಅವನ್ನು ಹಾರೆಯಿಂದ ಮೀಟಿ, ಉರುಳಿಸಿ, ಗರಗಸದ ಮುಂದಿನ ಟ್ರಾಲಿಗೆ ಏರಿಸುವುದು ನಮ್ಮ ಕೆಲಸ. ನಮ್ಮನ್ನೆಲ್ಲ ನಡೆಸುತ್ತಿದ್ದವರು ಮೇಸ್ತ್ರಿ. ಹುಣಸೂರಿನ ಹಳೇ ಸಾಬರ ಮನೆತನದವರು. ತಲೆಗೊಂದು ಟವೆಲ್ ಸುತ್ತಿಕೊಂಡು ನಿಂತರೆಂದರೆ ಗರಗಸದ ಕಿರುಚಾಟವನ್ನೂ ಮೀರಿಸುವ ಗಂಟಲು. ನಾವು ರಸ್ತೆಯ ಆಚೆ ಟೀ ಕುಡಿಯುತ್ತಿದ್ದರೂ ಅವರು ಕೂಗಿದ್ದು ಕೇಳುತ್ತಿತ್ತು. ವಯನಾಡಿನಿಂದ ಬಂದ ಲಾರಿಯವರ ಜೊತೆ ಹರಕು ಮುರಕು ಮಲಯಾಳಂ ಆಡಿ ಅವರನ್ನೂ ನಗಿಸುತ್ತಿದ್ದರು, ನಮ್ಮನ್ನೂ ನಗಿಸುತ್ತಿದ್ದರು.

ನಮ್ಮ ಗುಂಪಿನಲ್ಲಿ ಅಂತರಸಂತೆಯಿಂದ ಬಂದವನೊಬ್ಬನಿದ್ದ. ಮಾತು ಕಮ್ಮಿ, ಮೈಯಲ್ಲಿ ಕಸುವು ಜಾಸ್ತಿ. ಮೇಸ್ತ್ರಿಗೆ ಅವನೆಂದರೆ ಒಂದು ತೂಕ ಹೆಚ್ಚೇ. ದೊಡ್ಡ ದಿಮ್ಮಿ ಬಂದಾಗಲೆಲ್ಲ, 'ಎಲ್ಲಿ ನನ್ ಆನೆ?' ಎಂದು ಅವನನ್ನೇ ಕರೆಯುತ್ತಿದ್ದರು.

ಒಂದು ದಿನ ಬೆಳಿಗ್ಗೆ ಮೇಸ್ತ್ರಿ ದಿಮ್ಮಿಗಳ ರಾಶಿಯನ್ನು ಸುತ್ತಿ ನೋಡಿದಾಗ, ಗೇಟಿನ ಪಕ್ಕದ ರಾಶಿಗೆ ಕೊಟ್ಟಿದ್ದ ಬೆಣೆ ಸೀಳು ಬಿಟ್ಟಿತ್ತು. ದಿಮ್ಮಿಗಳು ಉರುಳದ ಹಾಗೆ ತಡೆದು ಹಿಡಿಯುವುದೇ ಆ ಮರದ ತುಂಡು. ಟೀ ಹೊತ್ತಿನಲ್ಲಿ ನಮ್ಮನ್ನು ಕರೆದು, 'ಗೇಟ್ ಹತ್ರದ ರಾಶಿ ಯಾರೂ ಮುಟ್ಬೇಡಿ. ಬೆಣೆ ಬದಲಾಯ್ಸೋವರೆಗೂ ಹಿಂದಿನ ರಾಶಿಯಿಂದ ತಗೊಳ್ಳಿ' ಅಂದರು. ಅಂತರಸಂತೆಯವನು ಆಗ ಇರಲಿಲ್ಲ. ಹೆಂಡತಿಯನ್ನು ಬಸ್ಸು ಹತ್ತಿಸಲು ಹೋಗಿದ್ದ. ಮೇಸ್ತ್ರಿಗೆ ಅದು ನೆನಪಿತ್ತು. ಬಂದಮೇಲೆ ಹೇಳಿದರಾಯಿತು ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ಮಾಲೀಕರ ಫೋನು ಬಂತು. ಮಾತಾಡುತ್ತ ಆಫೀಸಿನ ಕಡೆ ಹೋದರು. ಗರಗಸ ಶುರುವಾಯಿತು...

ನಮ್ಮಲ್ಲಿ ಯಾರಾದರೂ ಹೇಳಿರುತ್ತಾರೆ ಎಂದು ಮೇಸ್ತ್ರಿ ಅಂದುಕೊಂಡರು. ಅವರೇ ಹೇಳಿರುತ್ತಾರೆ ಎಂದು ನಾವು. ಅವನು ಬಂದವನೇ ಹಾರೆ ತೆಗೆದುಕೊಂಡು ದಿನಾ ಹೋಗುವ ಗೇಟಿನ ಪಕ್ಕದ ರಾಶಿಗೇ ಹೋದ. ದಿಮ್ಮಿ ಉರುಳಿದ ಸದ್ದು ಗರಗಸದ ಸದ್ದಿನಲ್ಲಿ ನಮಗೆ ಕೇಳಿಸಲೇ ಇಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಅವನ ಎಡಗಾಲನ್ನು ಮಂಡಿಯ ಮೇಲಿನಿಂದ ಕತ್ತರಿಸಿ ತೆಗೆದರು.

ಮಾರನೇ ದಿನ ಮಾಲೀಕರು ಎಲ್ಲರನ್ನೂ ಶೆಡ್ಡಿನಲ್ಲಿ ನಿಲ್ಲಿಸಿದರು. ಅವರಿಗೆ ಬೇಕಾಗಿದ್ದದ್ದು ಒಂದೇ ಮಾತು. ಅದು ಮೇಸ್ತ್ರಿಯ ಬಾಯಿಂದ ಬಂದರೆ ಆಸ್ಪತ್ರೆಯ ಖರ್ಚಿನಿಂದ ಹಿಡಿದು ಎಲ್ಲವೂ ಅಂತರಸಂತೆಯವನ ತಲೆಗೇ ಹೋಗುತ್ತಿತ್ತು.

'ಎಲ್ರಿಗೂ ಮೊದ್ಲೇ ಹೇಳಿದ್ರಿ, ಅಲ್ವಾ ಮೇಸ್ತ್ರಿ?' ಅಂದರು.

'ಇವರಿಗೆಲ್ಲ ಹೇಳಿದ್ದೆ. ಅವನಿಗೆ ಹೇಳ್ಲಿಲ್ಲ.'

'ಹೇಳಿದ್ರಿ, ಅವನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಯೋಚ್ನೆ ಮಾಡಿ ಮಾತಾಡಿ.'

'ಯೋಚ್ನೆ ಮಾಡೇ ಹೇಳ್ತಿರೋದು. ನಾನ್ ಹೇಳ್ಲಿಲ್ಲ.'

ನಮ್ಮಲ್ಲೊಬ್ಬ ತಡೆಯಲಾರದೆ, 'ನಾವಾದ್ರೂ ಯೋಳ್ಬೋದಿತ್ತು ಬುಡಿ ಮೇಸ್ತ್ರಿ' ಅಂದ. ಮೇಸ್ತ್ರಿ ಅವನ ಕಡೆ ತಿರುಗಿದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. 'ನಿಮ್ ಕೆಲಸ ದಿಮ್ಮಿ ಉರುಳ್ಸೋದು ಕಣಪ್ಪ. ಹೇಳೋದು ನನ್ ಕೆಲಸ. ಹೇಳಿದ್ದು ಮುಟ್ತಾ ಅಂತ ನೋಡೋದೂ ನಂದೇ.'

ಆಸ್ಪತ್ರೆಯ ಖರ್ಚನ್ನು ಮಾಲೀಕರು ಕೊಡಲೇಬೇಕಾಯಿತು. ಮೇಸ್ತ್ರಿಯ ಮೇಲೆ ಅವರಿಗೆ ಹುಟ್ಟಿದ ಸಿಟ್ಟು ಮಾತ್ರ ಹೋಗಲಿಲ್ಲ.

ಅವತ್ತಿನಿಂದ ಮೇಸ್ತ್ರಿ ಕೂಗುವುದನ್ನೇ ಬಿಟ್ಟರು. ಏನಾದರೂ ಹೇಳಬೇಕಾದರೆ ಮೊದಲು ಗರಗಸ ನಿಲ್ಲಿಸುತ್ತಿದ್ದರು. ಒಬ್ಬೊಬ್ಬನ ಹತ್ತಿರವೂ ನಡೆದು ಬಂದು, ಭುಜ ಮುಟ್ಟಿ ಹೇಳುತ್ತಿದ್ದರು. ಹೇಳಿ ಹೊರಟುಬಿಡುತ್ತಿರಲಿಲ್ಲ. 'ಈಗ ನೀನೇನ್ ಮಾಡ್ತೀಯ, ನಂಗ್ ಹೇಳು' ಎಂದು ಕೇಳಿ, ನಾವು ಹೇಳುವ ತನಕ ನಿಂತಿರುತ್ತಿದ್ದರು. ಊಟಕ್ಕೆ ಹೋಗಿದ್ದವನಿಗೆ ಗೇಟಿನಲ್ಲೇ ಕಾಯುತ್ತಿದ್ದರು. ಮೊದಮೊದಲು ನಮಗೆ ರೇಗುತ್ತಿತ್ತು. 'ಇಸ್ಕೂಲ್ ಮಕ್ಳಾ ನಾವು' ಎಂದು ಬೆನ್ನ ಹಿಂದೆ ಗೊಣಗಿದವರೂ ಇದ್ದರು. ಆಮೇಲೆ ಒಗ್ಗಿಹೋಯಿತು. ನಗಿಸುವುದು ಮಾತ್ರ ನಿಂತೇ ಹೋಯಿತು. ಲಾರಿಯವರು ಮಲಯಾಳಂನಲ್ಲಿ ಏನಾದರೂ ಕೆಣಕಿದರೆ ಸುಮ್ಮನೆ ತಲೆ ಆಡಿಸುತ್ತಿದ್ದರು...

ಗರಗಸ ಪದೇ ಪದೇ ನಿಲ್ಲುವುದು ಮಾಲೀಕರಿಗೆ ಹಿಡಿಸಲಿಲ್ಲ. ಒಂದು ಬೆಳಿಗ್ಗೆ ಮೇಸ್ತ್ರಿ ಊಟದ ಡಬ್ಬಿ ಹಿಡಿದು ಗೇಟಿನೊಳಗೆ ಬಂದರೆ, ಅವರ ಜಾಗದಲ್ಲಿ ಬೇರೊಬ್ಬ ನಿಂತಿದ್ದ. ಕೆಲಸದಿಂದ ತೆಗೆದಿದ್ದೇವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.  ಜಗಳ ಆಡುತ್ತಾರೆ ಅಂದುಕೊಂಡೆವು. ಅವರು ಹೊಸ ಮೇಸ್ತ್ರಿಯ ಹತ್ತಿರ ಹೋಗಿ, ಮೆಷಿನ್ನಿನ ಬೆಲ್ಟ್ ಸಡಿಲವಾಗಿದೆ, ಇವತ್ತೇ ಬಿಗಿ ಮಾಡಿಸಬೇಕು ಅಂದರು. ಅವನು ಹೂಂ ಅಂದ. ಅದು ಸಾಲಲಿಲ್ಲ. ಅವನನ್ನು ಬೆಲ್ಟಿನ ಹತ್ತಿರ ಕರೆದುಕೊಂಡು ಹೋಗಿ, ಕೈಯಿಟ್ಟು ನೋಡುವಂತೆ ಮಾಡಿ, ಆಮೇಲೆ ಹೊರಟರು. ನಮ್ಮ ಕಡೆ ಒಮ್ಮೆ ಕೈ ಎತ್ತಿದರು.

ಅದಾದ ಮೇಲೆ ನಾನೂ ಅಲ್ಲಿ ಹೆಚ್ಚು ದಿನ ಇರಲಿಲ್ಲ. ಮೇಸ್ತ್ರಿ ಎಲ್ಲಾದರೂ ರಸ್ತೆಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಿದ್ದೆವು. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣು ಕೊಟ್ಟು ಬರುವಾಗ ಅಂತರಸಂತೆಯವನ ನೆನಪಾಯಿತು. ಅವನಿಗೆ ಯಾರಾದರೂ ಹೇಳಿರುತ್ತಾರೆ ಎಂದು ಮನಸ್ಸು ಒಂದು ಸಲ ಅಂದಿತು. ಮಾರನೇ ದಿನ ಬೆಳಿಗ್ಗೆಯೇ ಅಂತರಸಂತೆಯ ಬಸ್ಸು ಹತ್ತಿದೆ.

ಸಂತೆ ಮಾಳದ ಪಕ್ಕ ಅವನದೊಂದು ಪೆಟ್ಟಿಗೆ ಅಂಗಡಿ. ನನ್ನನ್ನು ನೋಡಿ ಕೂಡಲೇ ಗುರುತು ಹಿಡಿದ. 'ಬಾ ಅಣ್ಣ, ಕೂತ್ಕೊ' ಎಂದು ಬೆಂಚು ಒರೆಸಿದ. ನಾನು ಕೂರುವ ಮೊದಲೇ ವಿಷಯ ಹೇಳಿದೆ. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದೇ ಜಾಗವನ್ನು ಒರೆಸುತ್ತಲೇ ಇದ್ದ.

'ಅದ್ಕೇ ಕಣಣ್ಣ ಅವ್ರು ನೆನ್ನೆ ಸಂತೆಗೆ ಬರ್ನಿಲ್ಲ' ಅಂದ ಕೊನೆಗೆ.

ಮೇಸ್ತ್ರಿ ಅಲ್ಲಿಗೆ ಬರುತ್ತಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ. ಅವನ ಕಾಲು ಹೋದಾಗಿನಿಂದಲೂ ಆಗಾಗ ಸಂತೆಯ ದಿನ ಬಸ್ಸಿನಲ್ಲಿ ಬಂದು, ಆ ಬೆಂಚಿನ ಮೇಲೆ ಕೂತು ಹೋಗುತ್ತಿದ್ದರಂತೆ.

'ಏನ್ ಮಾತಾಡ್ತಿದ್ರು?'

'ಮೊದಲ್ನೇ ಸಲ, ನಾನ್ ನಿಂಗೆ ಹೇಳ್ಬೇಕಿತ್ತು, ತಪ್ಪು ನಂದು ಅಂದ್ರು. ಆಮ್ಯಾಕೆ ಬರೀ ಮಳೆ ಬೆಳೆ ಸುದ್ದಿ.'

'ನೀನೇನಂದೆ?'

'ಏನೂ ಅನ್ನಿಲ್ಲ. ಮೊದ್ಲು ಸಿಟ್ಟಿತ್ತು, ಮಾತೇ ಆಡ್ತಿರ್ನಿಲ್ಲ. ಆಮ್ಯಾಕೆ ಸಿಟ್ಟು ಹೊಂಟೋಯ್ತು. ಹೊಂಟೋಯ್ತು ಅಂತ ಬಾಯ್ಬುಟ್ಟು ಯೋಳ್ನಿಲ್ಲ ಕಣಣ್ಣ. ಟೀ ಕೊಡ್ತಿದ್ದೆ. ಅವ್ರಿಗೇ ಗೊತ್ತಾಯ್ತದೆ ಅನ್ಕಂಡೆ.'

ಆ ವಾರವೇ ಅವನು ಹುಣಸೂರಿಗೆ ಬಂದ. ನಾನು ಅವನನ್ನು ಮೇಸ್ತ್ರಿಯ ಮನೆಗೆ ಕರೆದುಕೊಂಡು ಹೋದೆ. ಅವರ ಹೆಂಡತಿ ಬಾಗಿಲ ಹತ್ತಿರ ಕೂತಿದ್ದರು. ಅವನು ಊರುಗೋಲನ್ನು ಗೋಡೆಗೆ ಒರಗಿಸಿ, ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದ. ಆಕೆ ಪೂರ್ತಿ ಕೇಳಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

'ನಿಮ್ಮೂರಿಂದ ಬಂದ ದಿನ ಅವರು ರೊಟ್ಟಿ ಮುಟ್ತಿರಲಿಲ್ಲ ಬೇಟಾ' ಅಂದರು. 'ಇದನ್ನ ಅವರಿಗೇ ಹೇಳ್ಬೇಕಿತ್ತು.'

ಅವನು ಊರುಗೋಲು ತೆಗೆದುಕೊಂಡ. ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದೆವು. ಊರುಗೋಲಿನ ಸದ್ದೊಂದೇ...

ಈಗ ನನ್ನ ಕೈಕೆಳಗೂ ನಾಲ್ಕು ಜನ ಇದ್ದಾರೆ. ಹೇಳುವುದಿದ್ದಾಗ ಮೆಷಿನ್ ಆಫ್ ಮಾಡುತ್ತೇನೆ. ಅದರ ಸದ್ದು ಅಡಗುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಸರಿಯಾಗಿ ಹೇಳುತ್ತಿದ್ದೇನೆಯೇ ಎಂದು ಹೋಗಿ ಕೇಳೋಣವೆಂದರೆ ಈ ಊರಿನಲ್ಲಿ ಈಗ ಮೇಸ್ತ್ರಿ ಇಲ್ಲ.