ಬೇವಿನ ಮರದ ಕೆಳಗೆ ಕರ್ನಾಟಕ

ಹೋದ ತಿಂಗಳು ಗೆಳೆಯನೊಬ್ಬನ ಗೃಹಪ್ರವೇಶಕ್ಕೆಂದು ರಾಯಲ್ಪಾಡಿಗೆ ಹೊರಟಿದ್ದೆ. ಬಸ್ಸು ಊರು ಮುಟ್ಟುವ ಮೊದಲೇ ಜೇಬಿನಲ್ಲಿದ್ದ ಫೋನು ಗುರ್ರೆಂದಿತು. ತೆಗೆದು ನೋಡಿದರೆ, ಆಂಧ್ರಪ್ರದೇಶಕ್ಕೆ ನನಗೆ ಸ್ವಾಗತ! ಕಿಟಕಿಯಾಚೆ ಕರ್ನಾಟಕದ ಮಾವಿನ ತೋಪು, ಕೈಯಲ್ಲಿ ಕರ್ನಾಟಕದ ಟಿಕೆಟ್ಟು. ಗಡಿ ಇನ್ನೂ ಆಚೆಗಿದೆ. ನನ್ನಷ್ಟಕ್ಕೆ ನಾನೇ ನಕ್ಕೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತಮ್ಮ ಟೊಮೆಟೊ ಬುಟ್ಟಿಯನ್ನು ಕೊಂಚ ದೂರ ಎಳೆದುಕೊಂಡರು.

ನಾನು ಆ ಕಡೆ ಆರು ವರ್ಷ ಇದ್ದವನು. ರಾಯಲ್ಪಾಡಿನಿಂದ ಇನ್ನೂ ಆಚೆಗೆ, ಆದರೆ ಗಡಿಯ ಈಚೆಗೇ ಇದ್ದ ಒಂದು ಹಳ್ಳಿಯ ದನದ ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದೆ. ಈಗಿನವರಿಗೆ ರೋಮಿಂಗ್ ಅಂದರೆ ಬಿಡಿಸಿ ಹೇಳಬೇಕು. ಆಗ ಬೇರೆ ರಾಜ್ಯದ ಟವರು ಹಿಡಿದುಬಿಟ್ಟರೆ, ಬಂದ ಕರೆಗೂ ನಾವೇ ದುಡ್ಡು ತೆರಬೇಕಿತ್ತು. ನಮ್ಮ ಆಸ್ಪತ್ರೆಯ ಒಳಗೆ ಕೂತರೆ ಆಂಧ್ರದ ಟವರು. ಹೊರಗೆ ಬಂದು, ದನ ಕಟ್ಟುವ ಕಂಬ ದಾಟಿ ಬೇವಿನ ಮರದ ಕೆಳಗೆ ನಿಂತರೆ ಕರ್ನಾಟಕದ್ದು. ಒಂದು ಹೆಜ್ಜೆ ಆಚೀಚೆಯಾದರೂ ಮಾತು ಕತ್ತರಿಸಿ ಹೋಗುತ್ತಿತ್ತು. ಆ ಹೆಜ್ಜೆ ಎಲ್ಲಿದೆಯೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಊರಲ್ಲಿ ಇರಲಿಲ್ಲ.

ಮಾಲೂರಿನಿಂದ ದಿನಾ ಸಂಜೆ ಪದ್ಮಕ್ಕ ಫೋನು ಮಾಡುತ್ತಿದ್ದಳು. ನನ್ನ ಒಡಹುಟ್ಟಿದ ಅಕ್ಕ. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಬಂದವಳು, ಒಂದು ಹೊಲಿಗೆ ಮಿಷಿನ್ನು ಇಟ್ಟುಕೊಂಡು ನನ್ನನ್ನು ಓದಿಸಿದಳು. ಅವಳ ಪ್ರಶ್ನೆಗಳು ದಿನಾ ಅವೇ. ಊಟ ಆಯ್ತಾ, ನೀರು ಕಾಯಿಸ್ಕೊಂಡು ಕುಡೀತಿದೀಯಾ, ಆ ಹಸುಗಳು ಒದೆಯಲ್ಲ ತಾನೇ. ನನಗೆ ಬೇಸರ. ಅದೇ ಹೊತ್ತಿಗೆ, ಮುಂದೆ ನನ್ನ ಹೆಂಡತಿಯಾದವಳ ಕರೆಗಾಗಿ ನಾನು ಕಾಯುತ್ತಿದ್ದೆ ಅನ್ನುವುದನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ.

ಒಂದು ಸಂಜೆ ಅಂದೆ: "ಅಕ್ಕಾ, ಇಲ್ಲಿ ಆಂಧ್ರ ಟವರ್ ಹಿಡೀತಾ ಇದೆ. ನೀನು ಮಾಡಿದ್ರೆ ನನಗೆ ದುಡ್ಡು ಹೋಗುತ್ತೆ."

"ಅಯ್ಯೋ, ಹಂಗಾದ್ರೆ ಇಡು ಇಡು!" ಅಂದವಳು ತಾನೇ ಇಟ್ಟುಬಿಟ್ಟಳು.

ಅಷ್ಟು ಸುಲಭವಾಗಿತ್ತು. ಆಮೇಲಾಮೇಲೆ ನಾನು ಮರದ ಕೆಳಗೆ ನಿಂತೇ ರೋಮಿಂಗ್ ಅನ್ನುತ್ತಿದ್ದೆ. ಫೋನು ಆರಿಸಿಟ್ಟು, ಮಾರನೆಯ ದಿನ ಸಿಗ್ನಲ್ಲೇ ಇರಲಿಲ್ಲ ಅನ್ನುತ್ತಿದ್ದೆ. "ಹೌದು ಕಣೋ, ಯಾರೋ ಹೆಂಗಸು ತೆಲುಗಲ್ಲಿ ಏನೋ ಅಂತಿದ್ಲು, ನನಗೆ ಬೈತಿದಾಳೇನೋ ಅನ್ಕೊಂಡೆ" ಅನ್ನುತ್ತಿದ್ದಳು ಅಕ್ಕ. ನಾನು ಅದನ್ನು ಗೆಳೆಯರಿಗೆ ಹೇಳಿ ನಗಿಸುತ್ತಿದ್ದೆ.

ಹಾಗಿರುವಾಗ ಒಂದು ದಿನ, ಬೆಳಗಿನ ಹನ್ನೊಂದರ ಹೊತ್ತು, ನಾನು ಮರದ ಕೆಳಗೆ ರಸ್ತೆಗೆ ಬೆನ್ನು ಹಾಕಿ ನಿಂತು, ಫೋನಿನಲ್ಲಿ ಆ ಹುಡುಗಿಯ ಜೊತೆ ಮಾತಿನಲ್ಲಿ ಮುಳುಗಿದ್ದೆ. ನಮ್ಮ ಅಟೆಂಡರ್ ಮುನಿಯಪ್ಪ ಬಂದು ಮೆಲ್ಲಗೆ ಹೇಳಿದ: "ಸಾರ್, ಮೀ ಅಕ್ಕ ವಚ್ಚಿನಾರು. ಅರ್ಧ ಗಂಟೆ ಆಯ್ತು."

ತಿರುಗಿದೆ. ಪದ್ಮಕ್ಕ ಜಗಲಿಯ ಬೆಂಚಿನ ಮೇಲೆ ಚೀಲ ತೊಡೆಗಿಟ್ಟುಕೊಂಡು ಕೂತಿದ್ದಳು. ಮಾಲೂರಿನಿಂದ ಮೂರು ಬಸ್ಸು ಬದಲಾಯಿಸಿ ಬಂದಿದ್ದಳು. ಮುನಿಯಪ್ಪ ನನ್ನನ್ನು ಕರೆಯಲು ಹೊರಟಾಗೆಲ್ಲ ಅವಳೇ ತಡೆದಳಂತೆ: "ಮಾತಾಡ್ಲಿ ಬಿಡಪ್ಪ. ಪಾಪ, ಸಿಗ್ನಲ್ ಸಿಕ್ಕಿದೆ." ಅದನ್ನು ಯಾವ ದನಿಯಲ್ಲಿ ಹೇಳಿದಳೆಂದು ಮುನಿಯಪ್ಪನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

"ಏನಕ್ಕಾ, ಹೇಳದೆ ಕೇಳದೆ?"

"ಏನಿಲ್ಲ. ಹಂಗೇ ನೋಡ್ಕೊಂಡು ಹೋಗಣಾಂತ."

ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದಳು, ತಾನೇ ಹೊಲಿದ ಒಂದು ಅಂಗಿ ತೆಗೆದಳು. ಅಂಗಿಯನ್ನು ನನ್ನ ಭುಜಕ್ಕೆ ಹಿಡಿದು ಅಳತೆ ನೋಡಿದಳು. ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದಳು. ಆಮೇಲೆ ಸಂಜೆಯ ಕರೆಗಳು ನಿಂತವು. ಯುಗಾದಿಗೊಂದು, ದೀಪಾವಳಿಗೊಂದು. ನನಗೆ ಹಾಯೆನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಯೆನಿಸಿದ್ದು ನಿಜ.

ಗೃಹಪ್ರವೇಶ ಮುಗಿಸಿ ಬರುವಾಗ ಅಕ್ಕನಿಗೆಂದು ಒಂದು ಬುಟ್ಟಿ ಮಾವಿನಹಣ್ಣು ಹಿಡಿದು ಮಾಲೂರಿಗೆ ಹೋದೆ. ಅಕ್ಕ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಪಕ್ಕದ ಮನೆಯ ನಸೀಮಾ ಆಪಾ ನಮ್ಮ ನಡುಮನೆಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದರು. ಇಬ್ಬರೂ ಜೊತೆಯಾಗಿ ಹೊಲಿಯಲು ಕೂತು ಎಷ್ಟೋ ವರ್ಷವಾಯಿತು. ಸುಮ್ಮನೆ ಕೂರಲಾರದೆ ನಾನು ಬಸ್ಸಿನಲ್ಲಿ ಬಂದ ಸಂದೇಶದ ಕತೆ ತೆಗೆದೆ. ಅಲ್ಲಿಂದ ಹಳೆಯ ರೋಮಿಂಗ್ ಸುಳ್ಳು, ತೆಲುಗು ಹೆಂಗಸು, ಎಲ್ಲವನ್ನೂ ಕೈ ಬಾಯಿ ಆಡಿಸಿಕೊಂಡು ಹೇಳಿದೆ.

ಆಪಾ ನಗಲಿಲ್ಲ. ಸೂಜಿ ನಿಲ್ಲಿಸಿದರು.

"ಸುಳ್ಳಾ ಅದು? ನಾನು ನಿಜಾಂತ್ಲೇ ಇದ್ದೆ ಭಯ್ಯಾ. ಫೋನ್ ಸಿಗಲ್ಲ, ನೀನೇ ಹೋಗಿ ಕೇಳು ಅಂತ ನಾನೇ ಪದ್ಮಾನ ಬಸ್ ಹತ್ತಿಸಿದ್ದು."

"ಏನು ಕೇಳೋಕೆ ಆಪಾ?"

"ಮೇಷ್ಟ್ರು ವಿಷಯ. ಗೊತ್ತಿಲ್ವಾ ನಿಂಗೆ?"

ಬೈರಕೂರಿನ ಕಡೆಯವರೊಬ್ಬರು ಮಾಲೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರಂತೆ. ಹೆಂಡತಿ ತೀರಿಕೊಂಡು ಒಬ್ಬಳೇ ಮಗಳು. ಆ ಹುಡುಗಿಯ ಯೂನಿಫಾರ್ಮು ಹೊಲಿಸಲು ಬರುತ್ತಿದ್ದವರು, ಒಂದು ದಿನ ಆಪಾ ಮೂಲಕ ಪದ್ಮಕ್ಕನನ್ನು ಮದುವೆಗೆ ಕೇಳಿದ್ದರು. ಅಕ್ಕನಿಗೆ ಆಗ ನಲವತ್ತೂ ತುಂಬಿರಲಿಲ್ಲ. ನನ್ನ ಆಸ್ಪತ್ರೆಯ ಹಳ್ಳಿಯಿಂದ ವಾಪಸು ಬಂದವಳು ಬೇಡವೆಂದು ಹೇಳಿ ಕಳಿಸಿದಳು. ವರ್ಷದೊಳಗೆ ಅವರಿಗೆ ಬೇರೆ ಕಡೆ ಮದುವೆಯಾಯಿತು.

ಅಷ್ಟರಲ್ಲಿ ಅಕ್ಕ ಹಿಟ್ಟಿನ ಡಬ್ಬ ಸೊಂಟದ ಮೇಲಿಟ್ಟುಕೊಂಡು ಬಂದಳು. ಆಪಾ ಬ್ಲೌಸು ಮಡಚಿಕೊಂಡು ಎದ್ದುಹೋದರು.

"ಅಕ್ಕಾ, ಅವತ್ತು ಮೇಷ್ಟ್ರ ವಿಷಯ ನನ್ನ ಕೇಳೋಕೆ ಬಂದಿದ್ದೆಯಾ?"

ಅವಳು ಡಬ್ಬ ಕೆಳಗಿಟ್ಟು, ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು.

"ಕೇಳೋಕಲ್ವೋ. ನನ್ನ ಮನಸ್ಸು ಆಗ್ಲೇ ಒಪ್ಪಿತ್ತು. ನೀನು 'ಮಾಡ್ಕೋ ಅಕ್ಕ' ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು."

"ಮತ್ತೆ ಯಾಕೆ ಬಾಯೇ ಬಿಡ್ಲಿಲ್ಲ?"

"ಅಷ್ಟು ನಗ್ತಾ ಮಾತಾಡ್ತಿದ್ದೆ ನೀನು. ನನ್ನ ಹತ್ರ ಯಾವತ್ತೂ ಹಂಗೆ ಮಾತಾಡ್ದೋನಲ್ಲ. ಈ ವಯಸ್ಸಲ್ಲಿ ನನಗೂ ಮದ್ವೆ ಅಂದ್ರೆ, ಅದಕ್ಕೂ ಹಂಗೇ ನಗ್ತೀಯೇನೋ ಅನ್ನಿಸ್ತು."

"ತಪ್ಪಾಯ್ತಕ್ಕ."

"ಆಯ್ತು ಬಿಡೋ. ಅವ್ರ ಹೆಂಡ್ತಿ ಬ್ಲೌಸೂ ನಾನೇ ಹೊಲಿಯೋದು. ಒಳ್ಳೇ ಹೆಂಗಸು." ಬುಟ್ಟಿಯಿಂದ ಒಂದು ಮಾವಿನಹಣ್ಣು ತೆಗೆದು ಮೂಸಿದಳು. "ಇದು ಇನ್ನೂ ಎರಡು ದಿನ ಇರ್ಬೇಕು" ಅಂದಳು.

ಈಗ ದಿನಾ ಸಂಜೆ ನಾನೇ ಫೋನು ಮಾಡುತ್ತೇನೆ. ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ಊಟ ಆಯ್ತಾ ಅಂತ ಕೇಳುತ್ತೇನೆ. ಆಯ್ತು ಅನ್ನುತ್ತಾಳೆ. ಮಂಡಿ ನೋವು ಹೇಗಿದೆ ಅನ್ನುತ್ತೇನೆ. ಪರವಾಗಿಲ್ಲ ಅನ್ನುತ್ತಾಳೆ. ಆಮೇಲೆ, "ಇಡ್ಲಾ?"

"ಇನ್ನೊಂಚೂರು ಮಾತಾಡಕ್ಕ" ಅನ್ನುತ್ತೇನೆ.

ಅವಳು ಯೋಚಿಸುವುದು ನನಗೆ ಕೇಳಿಸುತ್ತದೆ. ಕೋಪವಿಲ್ಲ, ಬಿಗುಮಾನವಿಲ್ಲ. ನಿಜಕ್ಕೂ ಹುಡುಕುತ್ತಾಳೆ, ಸಿಗುವುದಿಲ್ಲ.

"ಏನು ಮಾತಾಡ್ಲೋ?" ಅನ್ನುತ್ತಾಳೆ.