ಅತ್ತೆಯ ಮೊಣಕೈ

ನಮ್ಮತ್ತೆ ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಹುಟ್ಟಿದ ಕೂಸಿಗೆ ನೀರು ಹಾಕುವ ಮೊದಲು ಬಕೆಟ್ಟಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದರಂತೆ. ಅವರು ನಿವೃತ್ತರಾದರೂ ಆ ಮೊಣಕೈ ನಿವೃತ್ತಿಯಾಗಲಿಲ್ಲ. ನನ್ನ ಮಗಳ ಸ್ನಾನದ ನೀರಿಗೂ ಅದೇ, ಹಿತ್ತಲಿನ ಟೊಮೆಟೊ ಪಾತಿಗೂ ಅದೇ. ಬೆಳಗಾಗೆದ್ದು ಮಂಡಿಯೂರಿ ಮಣ್ಣಿಗೆ ಮೊಣಕೈ ಒತ್ತಿ, "ಇನ್ನೂ ತಣ್ಣಗಿದೆ, ಇವತ್ತು ನೆಡೋದು ಬೇಡ" ಎಂದು ಎದ್ದು ಬರುತ್ತಿದ್ದರು.

ಅಲ್ಲಿಯವರೆಗೆ ಸಸಿಗಳ ವಾಸ ನನ್ನ ಅಡುಗೆಮನೆಯಲ್ಲಿ. ಹಳೇ ಮೊಸರಿನ ಡಬ್ಬಿಗಳಲ್ಲಿ ಮೂವತ್ತೆರಡು ಸಸಿ, ಒಲೆ ಪಕ್ಕದ ಕಿಟಕಿಯ ತುಂಬ. ಮುಗ್ಗಲು ವಾಸನೆ, ಡಬ್ಬಿಯ ಬುಡದಲ್ಲಿ ಲೋಳೆ, ಹಾಲಿನ ಮುಚ್ಚಳ ತೆಗೆದರೆ ತೇಲುವ ಹುಳ. ಥೂ! ಇವತ್ತು ಬಿಸಿಲಿಗೆ ಒಂದು ಗಂಟೆ, ನಾಳೆ ಎರಡು ಗಂಟೆ ಎಂದು ಅವನ್ನು ಹೊರಗಿಟ್ಟು ಒಳಗೆ ತರುವ ಮೆರವಣಿಗೆ ಬೇರೆ. ನೆಲದ ಕೆಸರು ಒರೆಸುವವಳು ನಾನು.

"ಇನ್ನೂ ಎಷ್ಟು ದಿನ ಅತ್ತೆ ಈ ಗಲೀಜು?"

"ಗಾಳಿ ಅಭ್ಯಾಸ ಆಗ್ಲಿ, ರಾತ್ರಿ ಚಳಿ ಇಳೀಲಿ. ತಿಂಗಳು ತುಂಬದ ಕೂಸನ್ನ ಯಾರಾದ್ರೂ ಹೊರಗೆ ಬಿಡ್ತಾರೇನೆ?"

ಅತ್ತೆ ಎರಡು ದಿನ ತಂಗಿಯ ಮನೆಗೆ ಹೋದರು. ನಾನು ಅದಕ್ಕೇ ಕಾಯುತ್ತಿದ್ದೆ. ಸುಡುಮಧ್ಯಾಹ್ನದಲ್ಲಿ ಮೂವತ್ತೆರಡನ್ನೂ ಪಾತಿಗೆ ನೆಟ್ಟು, ಕಿಟಕಿಯನ್ನು ಸೋಪು ಹಾಕಿ ಉಜ್ಜಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆತುರಗಾತಿಯ ಬಗ್ಗೆ ಕೇಳುವುದೇ ಬೇಡ. ಬೆಳಿಗ್ಗೆ ನೋಡಿದರೆ ರಾತ್ರಿಯ ಚಳಿ ತಗಲಿ ಅಷ್ಟೂ ಸಸಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ನೆಲಕ್ಕೆ ಅಂಟಿದ್ದವು.

ಅತ್ತೆ ಬಂದವರೇ ಚೀಲವನ್ನೂ ಇಳಿಸದೆ ಹಿತ್ತಲಿಗೆ ಹೋದರು. ಹಿಂದೆಯೇ ನನ್ನ ಗಂಡ. "ಯಾರು ನೆಟ್ಟಿದ್ದು ಇದನ್ನ?" ಎಂದು ಗಂಡ ಕೇಳಿದರು.

ಈಚೆಗೆ ಅತ್ತೆ ಬೀಗದ ಕೈ ಎಲ್ಲೋ ಇಟ್ಟು ಮರೆಯುತ್ತಿದ್ದರು, ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಬಾಯಿಗೆ ಬಂತು.

"ಅತ್ತೇನೇ ಹೇಳಿದ್ರಲ್ಲ, ಹೊರಡೋವಾಗ. ಮಣ್ಣು ಬೆಚ್ಚಗಾಗಿದೆ, ನೆಟ್ಬಿಡು ಅಂತ."

ಅತ್ತೆ ನನ್ನ ಮುಖ ನೋಡಿದರು. ಜಗಳಕ್ಕೆ ನಾನು ಸೊಂಟ ಕಟ್ಟಿ ನಿಂತಿದ್ದೆ. ಅವರು ಜಗಳವಾಡಲಿಲ್ಲ.

"ಹೇಳಿದ್ನಾ?" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಹೇಳಿರ್ತೀನಿ ಬಿಡು. ಈಗೀಗ ಏನೂ ನೆನಪಿರಲ್ಲ."

"ಈ ವಯಸ್ಸಲ್ಲಿ ನಿನಗ್ಯಾಕಮ್ಮ ಇದೆಲ್ಲ?" ಎಂದು ಗಂಡ ಒಳಗೆ ಹೋದರು. ಹೊಲಸು ತುಳಿದ ನನ್ನ ಕಾಲನ್ನು ಅತ್ತೆಯ ಬಟ್ಟೆಗೆ ಒರೆಸಿದ್ದೆ. ಲೋಳೆ ಕಂಡರೆ ಮೂಗು ಮುಚ್ಚುವವಳಿಗೆ ತನ್ನ ನಾಲಿಗೆಯ ನಾತ ಬಡಿಯಲು ಒಂದು ರಾತ್ರಿ ಬೇಕಾಯಿತು.

ಮರುದಿನ ಬೆಳಿಗ್ಗೆ ನಿಜ ಹೇಳಿಬಿಡಬೇಕೆಂದೇ ಮಗಳ ಸ್ನಾನಕ್ಕೆ ನೀರು ತೋಡಿ ಅತ್ತೆಯನ್ನು ಕರೆದೆ. ಅವರು ರವಿಕೆಯ ತೋಳು ಮಡಚಿಕೊಂಡು ಬಂದರು. ಮೊಣಕೈ ಬಕೆಟ್ಟಿನ ಹತ್ತಿರ ಹೋಗಿ ಅಲ್ಲೇ ನಿಂತಿತು.

"ನೀನೇ ನೋಡಮ್ಮ," ಎಂದರು. "ನನ್ನನ್ನ ನಂಬಿ ಮಗೂನ ನೀರಿಗೆ ಇಳಿಸ್ಬೇಡ."

ನಾನು ಮೊಣಕೈ ಅದ್ದಿದೆ. ನೀರು ಬಿಸಿಯಾಗಿದೆಯೋ ತಣ್ಣಗಿದೆಯೋ ನನಗೆ ತಿಳಿಯಲಿಲ್ಲ.